ಸೋಂಕು ಎಂಬ ಮಾತು

ಹಳಗನ್ನಡದಲ್ಲಿ ‘ಸೋಂಕು’ ಎಂದರೆ ಮುಟ್ಟುವುದು, ತಾಗುವುದು. ರೋಗಾಣುಗಳು ದೇಹವನ್ನು ಹೊಕ್ಕು ಬೆಳೆಯುವುದಕ್ಕೂ ಇಂದು ನಾವು ಅದೇ ಮಾತನ್ನು ಬಳಸುತ್ತೇವೆ. ಮೂತ್ರಪಿಂಡಗಳು ಸೋತ ನನ್ನ ತಮ್ಮನಿಗೆ ಮನೆಯಲ್ಲಿಯೇ ನಡೆಯುವ ಉದರದ ಡಯಾಲಿಸಿಸ್‌ಗೆ ನೆರವಾಗತೊಡಗಿದ ಮೇಲೆ, ಈ ಎರಡು ಅರ್ಥಗಳು ಎಷ್ಟು ಹತ್ತಿರದವೆಂಬುದು ನನಗೆ ಮನದಟ್ಟಾಯಿತು.

ಹೊಟ್ಟೆಯೊಳಗಿನ ಅಂಗಗಳನ್ನು ಪೆರಿಟೋನಿಯಂ ಎಂಬ ತೆಳುಪೊರೆ ಹೊದ್ದಿದೆ. ಹೊಟ್ಟೆಗೆ ಕೂರಿಸಿದ ಮೆದುನಳಿಕೆಯಿಂದ ಸುಮಾರು 2 ಲೀಟರ್ ದ್ರಾವಣವನ್ನು ಒಳಬಿಟ್ಟರೆ, ರಕ್ತದ ಕಲ್ಮಶವೂ ಹೆಚ್ಚಿನ ನೀರೂ ಪೊರೆಯನ್ನು ದಾಟಿ ಅದರಲ್ಲಿ ಸೇರುತ್ತವೆ. ಕೆಲವು ಗಂಟೆಗಳ ಬಳಿಕ ಅದನ್ನು ಹೊರಹರಿಸಿ ಹೊಸತನ್ನು ತುಂಬಬೇಕು. ದಿನಕ್ಕೆ 4 ಬಾರಿಯಂತೆ ವರ್ಷಕ್ಕೆ 1,460 ಬಾರಿ ನಳಿಕೆಯ ಬಾಯಿ ತೆರೆಯುತ್ತದೆ. ಒಂದೊಂದು ಬಾರಿಯೂ ಕ್ರಿಮಿಗೆ ಒಂದೊಂದು ಅವಕಾಶ.

1976ರಲ್ಲಿ ಅಮೆರಿಕದ ಪೊಪೊವಿಚ್ ಮತ್ತು ಮಾನ್‌ಕ್ರೀಫ್ ಈ ಕ್ರಮವನ್ನು ಮುಂದಿಟ್ಟಾಗ ದ್ರಾವಣವು ಗಾಜಿನ ಸೀಸೆಗಳಲ್ಲಿ ಬರುತ್ತಿತ್ತು. ಸೋಂಕು ಮೇಲಿಂದ ಮೇಲೆ ತಗಲುತ್ತಿತ್ತು. ಟೊರಾಂಟೊ ನಗರದ ವೈದ್ಯ ಒರಿಯೊಪೌಲಸ್ ಪ್ಲಾಸ್ಟಿಕ್ ಚೀಲಗಳನ್ನು ಬಳಕೆಗೆ ತಂದ ಮೇಲೆ ಅದು ತಗ್ಗಿತು. ಮುಂದೆ ಇಟಲಿಯ ವೈದ್ಯರು ಕವಲುನಳಿಕೆಯನ್ನು ರೂಢಿಸಿದರು: ಜೋಡಿಸಿದೊಡನೆ ಮೊದಲು ಹೊರಕ್ಕೆ ಹರಿಸುವುದು, ಆಮೇಲೆ ತುಂಬುವುದು. ಜೋಡಿಸುವಾಗ ನುಸುಳಿದ ಕ್ರಿಮಿ ಹೀಗೆ ಹೊರಕ್ಕೇ ಕೊಚ್ಚಿಹೋಗುತ್ತದೆ.

ಉಪಕರಣ ಎಷ್ಟು ಸುಧಾರಿಸಿದರೂ ಉಳಿಯುವುದು ಮನುಷ್ಯನ ಕೈ. ಆದುದರಿಂದ ಕಿಟಕಿ ಮುಚ್ಚಬೇಕು, ಫ್ಯಾನು ನಿಲ್ಲಿಸಬೇಕು, ಕೋಣೆಯಲ್ಲಿರುವ ಎಲ್ಲರೂ ಬಾಯಿ–ಮೂಗಿಗೆ ಮುಸುಕು ಕಟ್ಟಬೇಕು. ಉಂಗುರ, ಗಡಿಯಾರ ತೆಗೆದು ಸೋಪಿನಿಂದ ಕೈ ತೊಳೆದು, ಶುಚಿಯಾದ ಬಟ್ಟೆಯಲ್ಲಿ ಒದ್ದೆಯಾರುವಂತೆ ಒರೆಸಿಕೊಳ್ಳಬೇಕು. ನಳಿಕೆಯ ತುದಿಗೆ ಏನೊಂದೂ ತಾಗಕೂಡದು. ತಾಗಿತೋ, ಜೋಡಿಸದೆ ನಳಿಕೆಯ ಬಿಗಿಗುಂಡಿಯನ್ನು ಮುಚ್ಚಿ ಆಸ್ಪತ್ರೆಗೆ ತಿಳಿಸಬೇಕು. ನಳಿಕೆ ಹೊರಬರುವ ಚರ್ಮದ ಭಾಗವನ್ನು ಕಲಿಸಿಕೊಟ್ಟಂತೆ ಶುಚಿಮಾಡಿ, ವೈದ್ಯರು ಹೇಳಿದ ಮುಲಾಮನ್ನು ಹಚ್ಚಬೇಕು. ಕೆರೆ–ಹೊಳೆಗಳ ಸ್ನಾನ ಸಲ್ಲದು.

ಇದನ್ನು ಕಂಡವರು ‘ಎಂಥ ಮಡಿ!’ ಎನ್ನುವುದುಂಟು. ಆದರೆ ಮಡಿ ಅಂಜುವುದು ಪರರ ಸ್ಪರ್ಶಕ್ಕೆ. ಇಲ್ಲಿ ಶಂಕಿಸಬೇಕಾದದ್ದು ನಮ್ಮದೇ ಬೆರಳನ್ನು. ನೆಂಟರಿಷ್ಟರು ಬರಲಿ, ರೋಗಿಯ ಪಕ್ಕದಲ್ಲಿ ಕುಳಿತು ಉಣ್ಣಲಿ. ಚೀಲ ಬದಲಿಸುವ ಅರ್ಧ ಗಂಟೆ ಮಾತ್ರ ಹೊರಗಿದ್ದರೆ ಸಾಕು. ನೂರು ದಿನ ಸುಗಮವಾಗಿ ನಡೆದ ಕೆಲಸದಲ್ಲಿ ನೂರೊಂದನೆಯ ದಿನ ಕೈ ತೊಳೆಯುವ ಹೊತ್ತು ತಾನಾಗಿಯೇ ಕಿರಿದಾಗುತ್ತದೆ. ಅಭ್ಯಾಸವು ಕೈಗೆ ಚುರುಕನ್ನು ಕೊಡುವಂತೆ ಮನಸ್ಸಿಗೆ ಉದಾಸೀನವನ್ನೂ ಕೊಡುತ್ತದೆ.

ಹೊರಬಂದ ದ್ರವ ತಿಳಿಹಳದಿಯಾಗಿ, ಅದರ ಹಿಂದೆ ಹಿಡಿದ ಪತ್ರಿಕೆಯ ಅಕ್ಷರಗಳು ಓದಬರುವಷ್ಟು ತಿಳಿಯಾಗಿರಬೇಕು. ಅಕ್ಷರ ಮಸುಕಾದರೆ, ನೋವು ಜ್ವರಗಳು ಇಲ್ಲದಿದ್ದರೂ, ಆ ಚೀಲವನ್ನೇ ಕೊಂಡು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸೋಂಕು ಮರುಕಳಿಸಿದರೆ ಪೊರೆಯೇ ಕೆಟ್ಟು ಈ ಚಿಕಿತ್ಸೆ ಕೈಬಿಡಬೇಕಾದೀತು; ಕೆಲವೊಮ್ಮೆ ಪ್ರಾಣಕ್ಕೂ ಅಪಾಯ. ನಾಳೆ ಬೆಳಗಾಗಲಿ ಎಂದು ಕಾಯುವ ವಿಷಯ ಇದಲ್ಲ.