ಆಮಸೂಲದ ಹುಳಿ, ಕುಂದಾದ ಕೊಬ್ಬು

ತೂಕ ಇಳಿಸುವ ಕ್ಯಾಪ್ಸೂಲು ಕೊಡಿ ಎಂದು ಬೆಳಗಾವಿಯ ಔಷಧದಂಗಡಿಯಲ್ಲಿ ಕೇಳಿದರೆ, ಡಬ್ಬಿಯ ಮೇಲೆ ‘ಗಾರ್ಸಿನಿಯಾ ಕಂಬೋಜಿಯಾ’ ಎಂಬ ಹೆಸರು ಕಂಡೀತು. ಕೇಳುವುದಕ್ಕೆ ಯಾವುದೋ ಸಮುದ್ರದಾಚೆಯ ಗಿಡ. ಅಸಲಿಗೆ ಅದು ನಮ್ಮ ಘಟ್ಟದ ಉಪ್ಪಾಗೆ. ಅದರ ಒಡಹುಟ್ಟಾದ ಕೋಕಂ, ಅಂದರೆ ಶಿರಸಿ ಕಡೆಯವರ ಮುರುಗಲು, ಖಾನಾಪುರದ ಕಾಡಿನಲ್ಲಿ ಬೆಳೆಯುತ್ತದೆ. ರವಿವಾರ ಪೇಟೆಯ ಕಿರಾಣಿ ಅಂಗಡಿಗಳಲ್ಲಿ ಆಮಸೂಲವಾಗಿ ತಕ್ಕಡಿಗೆ ಬೀಳುತ್ತದೆ. ಬೇಕಾದ್ದು ತಿಂದೂ ಮೈ ಕರಗಿಸಬಹುದು, ಹಸಿವನ್ನೇ ಅಡಗಿಸಬಹುದು ಎಂದು ಜಗತ್ತು ನಂಬಿದ ಆಮ್ಲ ಇರುವುದು ಈ ಎರಡೂ ಹಣ್ಣುಗಳ ಸಿಪ್ಪೆಯಲ್ಲಿ. ಅದು ಯಾವ ಆಮ್ಲ ಎಂದು ಸರಿಯಾಗಿ ಗುರುತಿಸಿದ್ದು ಮೈಸೂರಿನಲ್ಲಿ.

ಜಾಂಬೋಟಿ, ಕಣಕುಂಬಿಯ ಕಡೆ ಕೋಕಂ ಹಣ್ಣಾಗುವುದು ಬೇಸಿಗೆಯ ಕೊನೆಗೆ. ಮಳೆ ಹಿಡಿಯುವುದರೊಳಗೆ ಹಣ್ಣು ಇಳಿಸಬೇಕು, ಒಡೆದು ಬೀಜ ತೆಗೆಯಬೇಕು, ಸಿಪ್ಪೆಯನ್ನು ಅದರದೇ ರಸಕ್ಕೆ ಉಪ್ಪು ಬೆರೆಸಿ ಅದ್ದಿ ಒಣಗಿಸಬೇಕು. ಮತ್ತೆ ಅದ್ದಬೇಕು, ಮತ್ತೆ ಒಣಗಿಸಬೇಕು. ಕಪ್ಪಗೆ, ಮೆತ್ತಗೆ ಆದಾಗ ಅದು ಆಮಸೂಲ. ಉಪ್ಪಾಗೆಯ ಹಣೆಬರಹ ಬೇರೆ. ಅದು ಮಾಗುವುದೇ ಮಳೆಗಾಲದಲ್ಲಿ, ಬಿಸಿಲಿನ ಮಾತೇ ಇಲ್ಲ, ಕಟ್ಟಿಗೆ ಉರಿಸಿ ಒಣಗಿಸಬೇಕು. ವಿದೇಶದಲ್ಲಿ ಕ್ಯಾಪ್ಸೂಲಿಗೆ ಬೇಡಿಕೆ ಏರಿದಾಗ ಉತ್ತರ ಕನ್ನಡದ ಕಾಡು ಎರಡು ಪೆಟ್ಟು ತಿಂದಿತು: ಹಣ್ಣಿಗಾಗಿ ಮರದ ಕೊಂಬೆ, ಒಣಗಿಸಲು ಒಲೆಯ ಕಟ್ಟಿಗೆ.

ಉಪ್ಪಾಗೆಯ ಈ ಹುಳಿ ಏನೆಂಬ ಬಗ್ಗೆ ಬಹುಕಾಲ ತಪ್ಪು ತಿಳಿವಳಿಕೆಯಿತ್ತು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ, ಇವೇ ಇದರಲ್ಲೂ ಇವೆ ಎಂದು ಹಳೆಯ ವಿಶ್ಲೇಷಣೆಗಳು ಹೇಳಿದ್ದವು. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಈ ಹುಳಿಯನ್ನು ಮತ್ತೊಮ್ಮೆ ಪರೀಕ್ಷೆಗೆ ಎತ್ತಿಕೊಂಡರು. ಮುಖ್ಯ ಆಮ್ಲವನ್ನು ಬೇರ್ಪಡಿಸಿ ನೋಡಿದರೆ ಅದು ಟಾರ್ಟಾರಿಕ್ಕೂ ಅಲ್ಲ, ಸಿಟ್ರಿಕ್ಕೂ ಅಲ್ಲ. ಸಿಟ್ರಿಕ್ಕಿಗೆ ಒಂದು ಹೈಡ್ರಾಕ್ಸಿಲ್ ಗುಂಪು ಹೆಚ್ಚಿಗೆ ಅಂಟಿಕೊಂಡ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. 1965ರಲ್ಲಿ ‘ಫೈಟೋಕೆಮಿಸ್ಟ್ರಿ’ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಅದರಲ್ಲಿ ಬೊಜ್ಜಿನ ಸುದ್ದಿಯಿಲ್ಲ, ಹಸಿವಿನ ಸುದ್ದಿಯೂ ಇಲ್ಲ. ಒಂದು ಹಣ್ಣಿನ ಹುಳಿ ಯಾವುದೆಂದು ತಿಳಿಯುವ ಕುತೂಹಲ, ಅಷ್ಟೇ. ಈ ಇಡೀ ಕತೆಯಲ್ಲಿ ಇವತ್ತಿಗೂ ಅಲುಗದೆ ನಿಂತಿರುವ ಭಾಗ ಅದೇ ಎಂದು ನನಗನ್ನಿಸುತ್ತದೆ.

ಮುಂದಿನ ಹೆಜ್ಜೆ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ್ದು. ನಾವು ತಿಂದ ಸಕ್ಕರೆ ಹೆಚ್ಚಾದಾಗ ಯಕೃತ್ತು ಅದನ್ನು ಕೊಬ್ಬಾಗಿ ಪರಿವರ್ತಿಸುತ್ತದೆ. ಈ ದಾರಿಯಲ್ಲಿ ಸಿಟ್ರಿಕ್ ಆಮ್ಲವನ್ನು ತುಂಡರಿಸುವ ಒಂದು ಕಿಣ್ವವಿದೆ, ಎಟಿಪಿ ಸಿಟ್ರೇಟ್ ಲೈಯೇಸ್. 1969ರಲ್ಲಿ ವಾಟ್ಸನ್, ಫ್ಯಾಂಗ್ ಮತ್ತು ಜಾನ್ ಲೋವೆನ್‌ಸ್ಟೈನ್ ತೋರಿಸಿದ್ದೇನೆಂದರೆ, ಬಸ್ಸಿನ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿದಂತೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಈ ಕಿಣ್ವದಲ್ಲಿ ಸಿಟ್ರಿಕ್ಕಿನ ಜಾಗ ಹಿಡಿದು ಕೂರುತ್ತದೆ. ಕೊಬ್ಬು ತಯಾರಿಸುವ ಕೆಲಸ ಅಲ್ಲಿಗೆ ನಿಲ್ಲುತ್ತದೆ.

ಔಷಧ ಕಂಪನಿಯ ಕಿವಿ ನೆಟ್ಟಗಾಗಲು ಇಷ್ಟು ಸಾಕಿತ್ತು. ಹಾಫ್‌ಮನ್-ಲಾ ರೋಷ್ ಕಂಪನಿಯ ಆನ್ ಸಲಿವನ್ ಮತ್ತು ಸಂಗಡಿಗರು ಇಲಿಗಳಿಗೆ ಈ ಆಮ್ಲ ತಿನ್ನಿಸಿದರು. ಇಲಿಗಳ ತೂಕ ಕಡಿಮೆ ಏರಿತು, ಮೈಕೊಬ್ಬೂ ಇಳಿಯಿತು. ಆದರೆ ಅವು ತಿನ್ನುವುದನ್ನೂ ಕಡಿಮೆ ಮಾಡಿದ್ದವು! ತೂಕ ಇಳಿಸಿದ್ದು ಕಿಣ್ವದ ಮೇಲಿನ ತಡೆಯೋ, ಕಡಿಮೆ ತಿಂದದ್ದೋ? ಇಲ್ಲಿ ಅವರು ಮಾಡಿದ ಉಪಾಯ ಮೆಚ್ಚುವಂಥದ್ದು. ಇನ್ನೊಂದು ಗುಂಪಿನ ಇಲಿಗಳಿಗೆ ಆಮ್ಲ ಕೊಡಲಿಲ್ಲ. ಆಮ್ಲ ತಿಂದ ಇಲಿಗಳು ಎಷ್ಟು ಉಂಡವೋ ಅಷ್ಟನ್ನೇ ಅಳೆದು ಹಾಕಿದರು. 1974ರಲ್ಲಿ ಅವರು ಬರೆದ ಪ್ರಕಾರ, ತೂಕ ಮತ್ತು ಕೊಬ್ಬು ಇಳಿದದ್ದಕ್ಕೆ ಊಟ ಕಡಿಮೆಯಾದದ್ದೇ ಸಾಕಷ್ಟು ಕಾರಣವಾಗಿತ್ತು. ಜಾಹೀರಾತು ಬರೆದವರು ಈ ಸಾಲನ್ನು ಓದಲಿಲ್ಲ, ಅಥವಾ ಓದಿ ಮಡಚಿಟ್ಟರು.

ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆ ಬಂದದ್ದು 1998ರಲ್ಲಿ, ನ್ಯೂಯಾರ್ಕಿನ ಸ್ಟೀವನ್ ಹೇಮ್ಸ್‌ಫೀಲ್ಡ್ ತಂಡದಿಂದ. ತೂಕ ಹೆಚ್ಚಿದ್ದ 135 ಜನ, 12 ವಾರ. ಎಲ್ಲರಿಗೂ ನಾರು ಹೆಚ್ಚು, ಕ್ಯಾಲೊರಿ ಕಡಿಮೆ ಇರುವ ಒಂದೇ ಬಗೆಯ ಪಥ್ಯ. ಅರ್ಧ ಜನರಿಗೆ ದಿನಕ್ಕೆ 1500 ಮಿಲಿಗ್ರಾಂ ಆಮ್ಲ, ಉಳಿದವರಿಗೆ ಹುಸಿಗುಳಿಗೆ. ಆಮ್ಲದವರು ಸರಾಸರಿ 3.2 ಕಿಲೊ ಇಳಿದರು, ಹುಸಿಗುಳಿಗೆಯವರು 4.1 ಕಿಲೊ. ಅಂಕಿಶಾಸ್ತ್ರದ ಲೆಕ್ಕದಲ್ಲಿ ಆ ಅಂತರಕ್ಕೂ ಬೆಲೆಯಿಲ್ಲ. ಇಳಿಸಿದ್ದು ಪಥ್ಯ. ಆಮೇಲೂ ಮಾರಾಟ ನಿಲ್ಲಲಿಲ್ಲ. ಅಮೆರಿಕದ ಟಿವಿ ವೈದ್ಯ ಮೆಹ್ಮೆಟ್ ಆಜ್ ಇದನ್ನು ಹೊಗಳಿದರು, 2014ರಲ್ಲಿ ಅಲ್ಲಿನ ಸೆನೆಟ್ ಸಮಿತಿಯ ಮುಂದೆ ಇಂಥ ಹೊಗಳಿಕೆಗಳಿಗೆ ಉತ್ತರ ಕೊಡಬೇಕಾಯಿತು. ಗಾರ್ಸಿನಿಯಾ ಗುಳಿಗೆ ನುಂಗಿದ ಕೆಲವರ ಯಕೃತ್ತು ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಸಾರಿಗೆ ನಾಲ್ಕು ಎಸಳು ಆಮಸೂಲ ಹಾಕುವುದಕ್ಕೂ ಸಾಂದ್ರಗೊಳಿಸಿದ ಸತ್ವವನ್ನು ತಿಂಗಳುಗಟ್ಟಲೆ ನುಂಗುವುದಕ್ಕೂ ಬಹಳ ದೂರ.

ಇಲಿಗೆ ಫಲಿಸಿದ್ದು ನಮಗೇಕೆ ಫಲಿಸಲಿಲ್ಲ? ಒಂದು ಕಾರಣ ಬೆಳಗಾವಿಯ ಮಿಠಾಯಿ ಅಂಗಡಿಯಲ್ಲೇ ಇದೆ. ಆ ಇಲಿಗಳ ಮೇವು ಹೆಚ್ಚುಪಾಲು ಗ್ಲೂಕೋಸು, ಕೊಬ್ಬು ಹೆಸರಿಗಷ್ಟೇ. ಮೈಗೆ ಬೇಕಾದ ಕೊಬ್ಬನ್ನು ಅವು ಸಕ್ಕರೆಯಿಂದಲೇ ಕಟ್ಟಿಕೊಳ್ಳಬೇಕಿತ್ತು. ಸಾಮಾನ್ಯ ಊಟ ಉಣ್ಣುವ ಮನುಷ್ಯರಲ್ಲಿ ಸಕ್ಕರೆ ಕೊಬ್ಬಾಗುವ ಪ್ರಮಾಣ ಸಣ್ಣದು. ಮೈಯಲ್ಲಿ ಕೂಡಿಕೊಳ್ಳುವುದರ ಬಹುಪಾಲು ನಾವು ಕೊಬ್ಬಾಗಿಯೇ ತಿಂದದ್ದು. ಹಾಲನ್ನು ಕಾಯಿಸಿ ಕಾಯಿಸಿ, ಸಕ್ಕರೆ ಹಾಕಿ, ಕಂದುಬಣ್ಣ ಬರುವವರೆಗೆ ಮಗುಚಿದ ಕುಂದಾದಲ್ಲಿ ಹಾಲಿನ ಕೊಬ್ಬು ಸಿದ್ಧವಾಗಿಯೇ ಬರುತ್ತದೆ. ಅದಕ್ಕೆ ಆ ಕಿಣ್ವದ ಹಂಗಿಲ್ಲ. ಮುಂಬಾಗಿಲಿಗೆ ಎಷ್ಟು ಬೀಗ ಜಡಿದರೇನು, ಅದು ಬರುವುದು ಹಿತ್ತಿಲಿನಿಂದ.

ಕಿಣ್ವದ ಮೇಲಿನ ಕೆಲಸ ವ್ಯರ್ಥವಾಯಿತೆಂದಲ್ಲ. ಅದೇ ಕಿಣ್ವವನ್ನು ಯಕೃತ್ತಿನಲ್ಲಿ ತಡೆಯುವ ಬೆಂಪೆಡೋಯಿಕ್ ಆಮ್ಲ ಎಂಬ ಬೇರೊಂದು ಔಷಧಕ್ಕೆ 2020ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದು ಕೊಲೆಸ್ಟರಾಲ್ ಇಳಿಸಲು, ತೂಕಕ್ಕಲ್ಲ.

ಹಾಗಾದರೆ ಕುಂದಾ ತಿನ್ನುವವರ ಗತಿ? ಒಂದು ಬಟ್ಟಲಿನಲ್ಲಿ 25 ಗ್ರಾಂ ಸಕ್ಕರೆ, 10 ಗ್ರಾಂ ಕೊಬ್ಬು ಇದೆ ಎಂದಿಟ್ಟುಕೊಳ್ಳೋಣ. ಸಕ್ಕರೆ ಗ್ರಾಮಿಗೆ 4, ಕೊಬ್ಬು ಗ್ರಾಮಿಗೆ 9. ಒಟ್ಟು 190 ಕ್ಯಾಲೊರಿ. 70 ಕಿಲೊ ತೂಕದವರು ಇದನ್ನು ನಡೆದೇ ತೀರಿಸಲು ಸುಮಾರು ಮೂರೂವರೆ ಕಿಲೊಮೀಟರು ಬೇಕು. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಬೆಳಿಗ್ಗೆ ಸುತ್ತು ಹಾಕುವವರಿಗೆ ಇದು ದೊಡ್ಡ ಸಾಲವಲ್ಲ, ಆದರೆ ದಿನಕ್ಕೆ ಎರಡು ಬಟ್ಟಲಾದರೆ ಕಾಲು ಸೋಲುತ್ತದೆ.

ಹಸಿವಿನ ಮಟ್ಟಿಗೆ ಆಮಸೂಲಕ್ಕೆ ಏನಾದರೂ ಪಾತ್ರವಿದ್ದರೆ ಅದು ಆಮ್ಲದ್ದಾಗಿರದೆ ಸಾರಿನದ್ದಾಗಿರಬಹುದು. ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ಜೂಲಿ ಫ್ಲಡ್ ಮತ್ತು ಬಾರ್ಬರಾ ರೋಲ್ಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲು ಕಡಿಮೆ ಕ್ಯಾಲೊರಿಯ ತರಕಾರಿ ಸೂಪು ಕುಡಿದು ಊಟಕ್ಕೆ ಕೂತವರು, ಸೂಪಿನ ಕ್ಯಾಲೊರಿಯನ್ನೂ ಸೇರಿಸಿ, ಶೇ. 20ರಷ್ಟು ಕಡಿಮೆ ಕ್ಯಾಲೊರಿ ತಿಂದಿದ್ದರು. ನಮ್ಮ ಆಮಸೂಲದ ಸಾರು ಅದಕ್ಕಿಂತ ತೆಳು, ಅಷ್ಟು ಹೊಟ್ಟೆ ತುಂಬಿಸಲಾರದು. ಒಂದಿಷ್ಟು ತರಕಾರಿ, ಬೇಳೆಕಟ್ಟು ಸೇರಿದರೆ ಹತ್ತಿರ ಬಂದೀತು. ರೊಟ್ಟಿ-ಪಲ್ಯಕ್ಕೆ ಮುಂಚೆ ಅದನ್ನು ಬಿಸಿಬಿಸಿ ಕುಡಿದು ನೋಡಬಹುದು. ಕೋಕಂ ಹಾಕಿ ಮಾಡುವ ಸೋಲಕಡಿಯಲ್ಲಿ ತೆಂಗಿನಹಾಲಿನ ಕೊಬ್ಬು ಇರುವುದರಿಂದ ಅದನ್ನು ಬೇರೆ ಲೆಕ್ಕಕ್ಕೆ ಹಿಡಿಯಬೇಕು. ಕೋಕಂ ಶರಬತ್ತಂತೂ ಆರೋಗ್ಯದ ಹೆಸರಿನಲ್ಲಿ ಮಾರಾಟವಾಗುವ ಸಕ್ಕರೆ ನೀರು. ಲೋಟಕ್ಕೆ ನಾಲ್ಕು ಚಮಚ ಬಿದ್ದರೆ 80 ಕ್ಯಾಲೊರಿ, ಎರಡು ಲೋಟ ಇಳಿಸಿದರೆ ಕುಂದಾದ ಬಟ್ಟಲಿಗೆ ಹೆಚ್ಚುಕಡಿಮೆ ಸರಿಸಮ.