ತಾಂಬರಂ ನಿಲ್ದಾಣ ಕಲಿಸುವ ಪಾಠ

ಚೆನ್ನೈ ಬೀಚ್ ನಿಲ್ದಾಣದಿಂದ ದಕ್ಷಿಣಕ್ಕೆ ಸುಮಾರು 29 ಕಿಲೋಮೀಟರು ದೂರದಲ್ಲಿ ತಾಂಬರಂ ಎಂಬ ಉಪನಗರವಿದೆ. 1937ರಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಇಲ್ಲಿಗೆ ಬಂದು ನೆಲಸಿತು. ಇಲ್ಲಿರುವ ವಾಯುಸೇನಾ ನೆಲೆಗೆ, ವಿಮಾನಚಾಲನೆಯ ಬೋಧಕರನ್ನೇ ತರಬೇತುಗೊಳಿಸುವ ಶಾಲೆಯು 1954ರಲ್ಲಿ ಅಂಬಾಲೆಯಿಂದ ವರ್ಗವಾಯಿತು. ಯೋಧನಿಗೂ ವಿದ್ಯಾರ್ಥಿಗೂ ಗುಮಾಸ್ತನಿಗೂ ಇಲ್ಲಿ ಒಂದೇ ರೈಲು ನಿಲ್ದಾಣ.

ಬೀಚ್–ತಾಂಬರಂ ಮೀಟರ್‌ಗೇಜ್ ಮಾರ್ಗದಲ್ಲಿ ವಿದ್ಯುತ್ ರೈಲುಗಳು 1931ರಲ್ಲಿಯೇ ಓಡಲಾರಂಭಿಸಿದವು. ಉಗಿಯಂತ್ರವನ್ನು ಏಕೆ ಕೈಬಿಡಬೇಕಾಯಿತು? ಉಪನಗರದ ರೈಲು ಎರಡು ಮೂರು ನಿಮಿಷಗಳಿಗೊಮ್ಮೆ ನಿಂತು ಹೊರಡಬೇಕು. ಆದುದರಿಂದ ಅದಕ್ಕೆ ಗರಿಷ್ಠ ವೇಗಕ್ಕಿಂತ ಶೀಘ್ರವಾಗಿ ವೇಗವನ್ನು ಗಳಿಸುವ ಶಕ್ತಿಯೇ ಮುಖ್ಯ. ವಿದ್ಯುತ್ ರೈಲಿನಲ್ಲಿ ಮೋಟಾರುಗಳು ಹಲವು ಗಾಲಿಗಳಿಗೆ ಹಂಚಿರುತ್ತವೆ. ಎರಡು ತುದಿಗಳಲ್ಲಿಯೂ ಚಾಲಕನ ಕೋಣೆ ಇರುವುದರಿಂದ, ಎಂಜಿನನ್ನು ಕಳಚಿ ತಿರುಗಿಸುವ ತೊಡಕೂ ಇಲ್ಲ.

ಮೊದಲು ಬಳಸಿದುದು 1,500 ವೋಲ್ಟಿನ ಏಕಮುಖ ವಿದ್ಯುತ್ತು. 1960ರ ದಶಕದಲ್ಲಿ ಅದರ ಬದಲು 25,000 ವೋಲ್ಟಿನ ಪರ್ಯಾಯ ವಿದ್ಯುತ್ತು ಬಂದಿತು. ವೋಲ್ಟೇಜು ಹೆಚ್ಚಿದಷ್ಟೂ, ಅದೇ ಸಾಮರ್ಥ್ಯಕ್ಕೆ ಬೇಕಾಗುವ ಪ್ರವಾಹ ಕಡಿಮೆಯಾಗುವುದು. ತಂತಿಯಲ್ಲಿ ಶಾಖವಾಗಿ ಕಳೆದುಹೋಗುವ ಶಕ್ತಿಯಾದರೋ ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ಸ್ಥೂಲವಾಗಿ ಲೆಕ್ಕಹಾಕಿದರೆ, ಅದೇ ತಂತಿಯಲ್ಲಿ ಈ ನಷ್ಟವು ಸುಮಾರು 278ರಲ್ಲಿ ಒಂದು ಪಾಲಿಗೆ ಇಳಿಯುವುದು! 2004ರಲ್ಲಿ ಮೀಟರ್‌ಗೇಜ್ ಸಂಚಾರವೂ ನಿಂತು, ಈಗ ಬ್ರಾಡ್‌ಗೇಜ್ ರೈಲುಗಳು ಓಡುತ್ತಿವೆ.

ರೈಲಿನ ಇನ್ನೊಂದು ಗುಣವನ್ನು ನಾವು ಮರೆಯಲಾಗದು. ಉಕ್ಕಿನ ಕಂಬಿಯ ಮೇಲೆ ಉರುಳುವ ಉಕ್ಕಿನ ಗಾಲಿಗೆ ಪ್ರತಿರೋಧವು ಅತ್ಯಲ್ಪ. ಆದುದರಿಂದಲೇ ರೈಲುಪ್ರಯಾಣ ಅಗ್ಗ. ಆದರೆ ಅದೇ ನುಣುಪಿನಿಂದಾಗಿ ಬ್ರೇಕು ಹಾಕಿದಾಗ ಗಾಲಿಗೆ ದೊರೆಯುವ ಹಿಡಿತವೂ ಕಡಿಮೆ. ಗಂಟೆಗೆ 72 ಕಿಲೋಮೀಟರು, ಎಂದರೆ ಸೆಕೆಂಡಿಗೆ 20 ಮೀಟರು ವೇಗದಲ್ಲಿರುವ ರೈಲಿನ ವೇಗವು ಸೆಕೆಂಡಿಗೆ 0.8 ಮೀಟರಿನಂತೆ ತಗ್ಗುವುದೆಂದು ಭಾವಿಸೋಣ. ಅದು ನಿಲ್ಲಲು 25 ಸೆಕೆಂಡುಗಳು ಬೇಕು. ಅಷ್ಟರಲ್ಲಿ ಅದು 250 ಮೀಟರು ಮುಂದೆ ಬಂದಿರುತ್ತದೆ. ಚಾಲಕನು ಅಪಾಯವನ್ನು ಕಂಡು ಕೈಯಾಡಿಸುವ ಒಂದು ಸೆಕೆಂಡಿನಲ್ಲಿ ಮತ್ತೆ 20 ಮೀಟರು ಕಳೆಯುವುದು. ಕಂಬಿ ದಾಟುವವನನ್ನು 200 ಮೀಟರು ದೂರದಲ್ಲಿ ಕಂಡ ಚಾಲಕನು ಎಷ್ಟೇ ದಕ್ಷನಾದರೂ ನಿರುಪಾಯನು.

ಆಗಸದಲ್ಲಿ ವಿಮಾನವನ್ನೂ ನೆಲದ ಮೇಲೆ ರೈಲನ್ನೂ ಆಳುವುದು ನ್ಯೂಟನ್ನನ ನಿಯಮಗಳೇ. ಪೈಲಟ್ಟಿಗೆ ಅವು ತರಬೇತಿಯ ಮೊದಲ ಪಾಠ. ಪ್ರಯಾಣಿಕನಿಗೆ ಮೇಲ್ಸೇತುವೆಯ ಮೆಟ್ಟಿಲುಗಳೇ ಆ ಪಾಠ. ಅವನ್ನು ಹತ್ತಿ ಇಳಿಯಲು ತಗಲುವುದು ಒಂದೆರಡು ನಿಮಿಷ ಮಾತ್ರ.