ಹೊಳಪು ಬೇರೆ, ರಕ್ಷಣೆ ಬೇರೆ

'ಲ್ಯಾಮಿನೇಷನ್ ಮಾಡಿಸಿಬಿಡಿ, ಆಮೇಲೆ ನೀರಿನ ಯೋಚನೆಯೇ ಇಲ್ಲ.' ಕಡಹಿನಬೈಲಿನಿಂದ ನರಸಿಂಹರಾಜಪುರಕ್ಕೆ ಲಗ್ನಪತ್ರಿಕೆ ಅಚ್ಚು ಹಾಕಿಸಲು ಹೋದವರಿಗೂ, ಸೊಸೈಟಿಯ ವಾರ್ಷಿಕ ವರದಿ ಮಾಡಿಸುವವರಿಗೂ ಯಾರಾದರೂ ಈ ಸಲಹೆ ಕೊಟ್ಟೇ ಕೊಡುತ್ತಾರೆ. ಇದು ಅರ್ಧ ನಿಜ. ಮೇಲೆ ಅಂಟಿಸುವ ಪಾಲಿಪ್ರೊಪಿಲೀನ್ ಫಿಲ್ಮ್ ನೀರನ್ನು ಒಳಗೆ ಬಿಡುವುದಿಲ್ಲ, ಸರಿ. ಆದರೆ ಅಂಟಿಸಿದ ಮೇಲೆ ಹಾಳೆಯನ್ನು ಅಳತೆಗೆ ಕತ್ತರಿಸುತ್ತಾರಲ್ಲ, ಆ ಅಂಚು ಬರಿಗಾಗದ. ನೀರಿಗೆ ಅಷ್ಟು ಸಾಕು. ಪುಸ್ತಕದ ರಕ್ಷಾಪುಟಕ್ಕಂತೂ ಫಿಲ್ಮ್ ಇರುವುದು ಹೊರಮೈಗೆ ಮಾತ್ರ.

ಆಷಾಢದಲ್ಲಿ ರಕ್ಷಾಪುಟ ಹೊರಕ್ಕೆ ಸುರುಳಿ ಏಳುವುದು ಈ ಕಾರಣಕ್ಕೇ. ಕಾಗದವೆಂದರೆ ನಾರು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ನಡೆಯುತ್ತಿದ್ದಾಗ ಬಿದಿರು, ಕಬ್ಬಿನ ಸಿಪ್ಪೆಯಿಂದ ತೆಗೆಯುತ್ತಿದ್ದದ್ದೂ ಅದನ್ನೇ. ಮಲೆನಾಡಿನ ಗಾಳಿಯ ತೇವ ಹೀರಿದ ನಾರು ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಉಬ್ಬುತ್ತದೆ. ಒಳಮೈ ಹಿಗ್ಗುತ್ತದೆ, ಫಿಲ್ಮ್ ಹಿಗ್ಗುವುದಿಲ್ಲ, ಹಾಳೆ ಫಿಲ್ಮಿನ ಕಡೆಗೆ ಬಾಗುತ್ತದೆ. ಗಿರಾಕಿ ಮಾತ್ರ 'ಅಂಟು ಸರಿಯಿಲ್ಲ' ಎಂದು ಪ್ರೆಸ್ಸಿನವರ ಮೇಲೆ ಹರಿಹಾಯುತ್ತಾನೆ. ಪಾಪ, ಅಂಟಿನ ತಪ್ಪೇನೂ ಇಲ್ಲ. ತೇವವನ್ನು ತುಸು ಹಾಯಬಿಡುವ ನೈಲಾನ್ ಫಿಲ್ಮ್ ಈ ತೊಂದರೆಗೆಂದೇ ಬಂದಿದೆ. ಬೆಲೆ ಜಾಸ್ತಿ, ಹಾಗಾಗಿ ಕೇಳುವವರು ಕಡಿಮೆ.

ಯುವಿ ಕೋಟಿಂಗ್ ಇದ್ದರೆ ಬಿಸಿಲಿಗೆ ಬಣ್ಣ ಮಾಸದು ಎಂಬುದು ಇನ್ನೊಂದು ನಂಬಿಕೆ. ದ್ರವರೂಪದ ಲೇಪವನ್ನು ನೇರಳಾತೀತ ದೀಪದಡಿ ಹಾಯಿಸಿ ಕ್ಷಣದಲ್ಲಿ ಗಟ್ಟಿ ಮಾಡುತ್ತಾರೆ, ಅಷ್ಟೇ. ಆ ಕಿರಣದ ಕೆಲಸ ಯಂತ್ರದಲ್ಲೇ ಮುಗಿಯಿತು. ಬಿಸಿಲು ಬೀಳುವ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು, ಹಳದಿ ಮೊದಲು ಮಾಸುತ್ತವೆ, ಕೋಟಿಂಗ್ ಇದ್ದರೂ.

ಲಗ್ನಪತ್ರಿಕೆಯ ಮೇಲಿನ ಹೊನ್ನಿನ ಗಣಪತಿಯಲ್ಲಿ ಚಿನ್ನವೂ ಇಲ್ಲ, ಶಾಯಿಯೂ ಇಲ್ಲ. ಪಾಲಿಯೆಸ್ಟರ್ ಪಟ್ಟಿಗೆ ಹಿಡಿಸಿದ ಅತಿ ತೆಳುವಾದ ಅಲ್ಯೂಮಿನಿಯಂ, ಅದಕ್ಕೊಂದು ಹಳದಿ ಲೇಪ. ಬಿಸಿ ಬ್ಲಾಕು ಒತ್ತಿದಲ್ಲಿ ಮಾತ್ರ ಅದು ಪಟ್ಟಿ ಬಿಟ್ಟು ಕಾಗದಕ್ಕೆ ಕೂರುತ್ತದೆ. ಉಬ್ಬಕ್ಷರಕ್ಕೂ ಹೆಚ್ಚು ಶಾಯಿ ಬೇಡ. ಒಂದಕ್ಕೊಂದು ಕೂರುವ ಉಬ್ಬು-ತಗ್ಗಿನ ಎರಡು ಅಚ್ಚುಗಳ ನಡುವೆ ಕಾಗದವನ್ನು ಒತ್ತಿದರೆ ಆಯಿತು.

ಜಿಎಸ್‌ಎಂ ಎಂದರೆ ದಪ್ಪ ಅಲ್ಲ, ಒಂದು ಚದರ ಮೀಟರ್ ಕಾಗದದ ತೂಕ. 130 ಜಿಎಸ್‌ಎಂ ಆರ್ಟ್ ಪೇಪರ್ ಅಷ್ಟೇ ತೂಕದ ಸಾದಾ ಕಾಗದಕ್ಕಿಂತ ತೆಳ್ಳಗಿರುತ್ತದೆ. ಇನ್ನು 300 ಜಿಎಸ್‌ಎಂ ಕಾರ್ಡನ್ನು ಕ್ರೀಸಿಂಗ್ ಇಲ್ಲದೆ, ಅಂದರೆ ಮೊದಲೇ ಮಡಿಕೆಯ ಗೆರೆ ಒತ್ತದೆ, ಮಡಚಿದರೆ ಎಷ್ಟು ದುಬಾರಿಯದಾದರೂ ಮಡಿಕೆಯಲ್ಲಿ ಬಿರಿಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಲಗ್ನಪತ್ರಿಕೆಗೆ ಲ್ಯಾಮಿನೇಷನ್ನೇ ಬೇಡ. ಮೂಲೆಗೆ ಹಚ್ಚಿದ ಅರಿಶಿನ ಹಿಡಿಯುವುದಿಲ್ಲ, ಹೆಸರು ಬರೆಯಹೋದರೆ ಪೆನ್ನು ಜಾರುತ್ತದೆ. ಓದಿ ಮುಗಿದ ಮೇಲೂ, ಫಿಲ್ಮ್ ಅಂಟಿದ ಕಾಗದವನ್ನು ಮತ್ತೆ ತಿರುಳು ಮಾಡುವುದು ಕಷ್ಟ.

ಇವೆಲ್ಲ ಹೋಗಲಿ, ಹೆಚ್ಚೆಂದರೆ ದುಡ್ಡು ದಂಡ. ಕೆಡುಕು ಮಾಡುವ ನಂಬಿಕೆ ಬೇರೆಯೇ ಇದೆ: ಅಂಕಪಟ್ಟಿ, ಹಕ್ಕುಪತ್ರವನ್ನು ಲ್ಯಾಮಿನೇಟ್ ಮಾಡಿಸಿದರೆ ಶಾಶ್ವತ ಎಂಬುದು. ಬಿಸಿಗೆ ಕರಗಿದ ಅಂಟು ನಾರಿನೊಳಗೆ ಇಳಿದರೆ ಮತ್ತೆ ಬಿಡಿಸಲಾಗದು. ಉಬ್ಬುಮುದ್ರೆ ಚಪ್ಪಟೆಯಾಗುತ್ತದೆ, ಒಳಗೆ ಸಿಕ್ಕಿದ ತೇವ ಒಳಗೇ ಉಳಿಯುತ್ತದೆ. ಲ್ಯಾಮಿನೇಷನ್ ಬೇಕೇ ಬೇಕೆಂದರೆ ಜೆರಾಕ್ಸ್ ಪ್ರತಿಗೆ ಮಾಡಿಸಿ. ಮೂಲಪತ್ರವನ್ನು ಮಡಚದೆ, ಬಾಯಿ ತೆರೆದ ಪಾಲಿಯೆಸ್ಟರ್ ಹಾಳೆಯೊಳಗೆ ಹಾಕಿ, ಮಳೆಗಾಲದಲ್ಲಿ ಗೋಡೆಗೆ ತಾಗದ ಒಣಗಿದ ಜಾಗದಲ್ಲಿಡಿ.